ಸಿಗರೇಟಿಗೆ ಮುಂಚಿನ ಹತ್ತು ನಿಮಿಷ

ಟಿಕೆಟ್ ತೆಗೆದುಕೊಳ್ಳದೆ ಬಸ್ಸಿನಲ್ಲಿ ಕೂತವರನ್ನು ಚೆಕಿಂಗ್ ಅಮ್ಮ ಮುಖ ನೋಡಿಯೇ ಹಿಡಿಯುತ್ತಿದ್ದರು. ಇಪ್ಪತ್ತೆಂಟು ವರ್ಷ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದ ಹೆಂಗಸು ಅವರು. ಕೆಲಸ ಮುಗಿದರೂ ಹೆಸರು ಮಾತ್ರ ಹಾಗೇ ಉಳಿಯಿತು. ಅವರ ಮುಂದೆ ಯಾರ ಬೇಳೆಯೂ ಬೇಯುವುದಿಲ್ಲ ಎಂದು ಇಡೀ ಬೀದಿಗೆ ಗೊತ್ತು. ಅಂಥವರ ಮನೆಯ ತಾರಸಿಯಲ್ಲೇ ಆರು ತಿಂಗಳ ಬಸುರಿ ಸೊಸೆ ಕದ್ದು ಸಿಗರೇಟು ಸೇದುತ್ತಿದ್ದಳು, ನೋಡಿ!

ಮೊದಲು ವಾಸನೆ ಬಂತು. ಚೆಕಿಂಗ್ ಅಮ್ಮ ಮೆಟ್ಟಿಲ ಕೆಳಗೆ ನಿಂತು ಎರಡು ಸಲ ಉಸಿರೆಳೆದುಕೊಂಡರು. ಲಿಫ್ಟ್ ರಿಪೇರಿ ಮಾಡುವ ಮಗ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಅಷ್ಟರಲ್ಲಿ ಸೊಸೆ ಬಾಯಲ್ಲಿ ಪೆಪ್ಪರ್‌ಮಿಂಟ್ ಹಾಕಿಕೊಂಡು ಇಳಿದು ಬಂದಳು.

"ಬಟ್ಟೆ ಒಣಗಿದೆಯಾ ಅಂತ ನೋಡೋಕೆ ಹೋಗಿದ್ದೆ, ಅತ್ತೆ."

ಅವತ್ತು ತಂತಿಯ ಮೇಲೆ ಒಂದು ಕರವಸ್ತ್ರವೂ ಇರಲಿಲ್ಲ.

ಸರಿ, ಮಾರನೆಯ ದಿನದಿಂದಲೇ ತಪಾಸಣೆ ಶುರು. ನೀರಿನ ಟ್ಯಾಂಕಿನ ಹಿಂದೆ, ಕ್ಲಿಪ್ಪಿನ ಬುಟ್ಟಿಯಲ್ಲಿ, ಸುತ್ತಿಟ್ಟ ಚಾಪೆಯೊಳಗೆ, ಎಲ್ಲ ಕಡೆ ಕೈಹಾಕಿದರು. ಕೊನೆಗೆ ಹಳೆಯ ಶೂ ಒಂದರೊಳಗೆ ಮೂರು ಸಿಗರೇಟು ಸಿಕ್ಕವು. ಮಗನ ಸಾಮಾನಿನ ಚೀಲದಲ್ಲಿ ಇಡೀ ಪ್ಯಾಕೇ ಸಿಕ್ಕಿತು. ಅದನ್ನು ಮಾತ್ರ, "ಅವನು ಗಂಡಸು, ಹಾಳಾಗಲಿ," ಎಂದು ಇದ್ದಲ್ಲೇ ಇಟ್ಟರು. ಸೊಸೆಯ ಮೂರು ಸಿಗರೇಟಿಗೆ ಮಾತ್ರ ಆಕಾಶ ಭೂಮಿ ಒಂದು ಮಾಡಿದರು. ಸೊಸೆ ಅತ್ತಳು, ತಪ್ಪಾಯ್ತು ಎಂದಳು, ಇನ್ನು ಮುಟ್ಟೋದಿಲ್ಲ ಎಂದಳು. ಮಾರನೆಯ ದಿನ ಒಂದರ ಬದಲು ಎರಡು ಸೇದಿದಳು.

ಚೆಕಿಂಗ್ ಅಮ್ಮನಿಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು. ಹೊಟ್ಟೆಯಲ್ಲಿರುವ ಮಗುವಿನ ಬೆಳವಣಿಗೆ ಸ್ವಲ್ಪ ಹಿಂದಿದೆ ಎಂದು ಹೋದ ತಿಂಗಳು ಆರೋಗ್ಯ ಕೇಂದ್ರದ ನರ್ಸಮ್ಮ ಹೇಳಿದ್ದರು. ಆದರೆ ಹೆದರಿಕೆಯಾದರೆ ಅವರಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ, ಬೈಯುವುದು. ಹನ್ನೆರಡು ದಿನ ಬೈದು ಗಂಟಲು ಕಟ್ಟಿದ ಮೇಲೆ ಸೊಸೆಯನ್ನು ಆರೋಗ್ಯ ಕೇಂದ್ರಕ್ಕೆ ಎಳೆದುಕೊಂಡು ಹೋದರು.

"ಹಿಡ್ಕೊಂಡು ಬಂದಿದ್ದೀನಿ, ನರ್ಸಮ್ಮ."

"ಏನನ್ನ?"

"ಇವಳನ್ನೇ! ನಿಮ್ಮ ಹತ್ರ ಪ್ರತಿ ಸಲ 'ಬಿಟ್ಟಿದ್ದೀನಿ' ಅಂದಳಲ್ಲ, ಶುದ್ಧ ಸುಳ್ಳು. ನೀವು ಚೆನ್ನಾಗಿ ಬೈರಿ. ನಂದು ಸಾಲ್ತಾ ಇಲ್ಲ."

ನರ್ಸಮ್ಮ ಸೊಸೆಗೆ ಕುರ್ಚಿ ಎಳೆದು ಹಾಕಿ, ಒಂದು ಲೋಟ ನೀರು ಕೊಟ್ಟರು. ಆಮೇಲೆ ಅತ್ತೆಯ ಕಡೆ ತಿರುಗಿದರು.

"ನೀವು ಬೈದಿದ್ದಕ್ಕೆ ಗುಣ ಕಾಣ್ತಾ?"

"ಎಲ್ಲಿ ಗುಣ? ಇನ್ನೂ ಜಾಸ್ತಿ ಆಗಿದೆ!"

"ಕೆಲಸ ಮಾಡದ ಔಷಧೀನ ಇನ್ನೂ ಎರಡು ಚಮಚ ಕುಡಿಸಿ ಅಂತೀರಲ್ಲಮ್ಮ."

ನರ್ಸಮ್ಮ ಸೊಸೆಯ ಪಕ್ಕದಲ್ಲೇ ಕೂತರು. "ಸುಳ್ಳು ಹೇಳಿದ್ದಕ್ಕೆ ನಂಗೆ ಬೇಜಾರಿಲ್ಲ ಕಣಮ್ಮ. ಬೈಸ್ಕೋಬೇಕಾಗುತ್ತೆ ಅಂತ ಹೆದರಿದ್ದೀಯ. ಆದ್ರೆ ಕೇಳು. ನೀನು ಒಳಗೆ ಎಳ್ಕೊಳ್ಳೋ ಹೊಗೆಯಿಂದ ಮಗೂಗೆ ಪ್ರಾಣವಾಯು ಕಮ್ಮಿ ಸಿಗುತ್ತೆ. ತೂಕ ಏರಲ್ಲ. ದಿನ ತುಂಬೋ ಮುಂಚೆ ಹುಟ್ಟಬಹುದು. ಕಮ್ಮಿ ಮಾಡಿದ್ರೆ ಸಾಲದು, ಪೂರ್ತಿ ಬಿಡ್ಬೇಕು. ತಡ ಆಯ್ತು ಅನ್ನೋದು ಮಾತ್ರ ಇಲ್ಲ, ಇವತ್ತು ಬಿಟ್ರೂ ಮಗೂಗೆ ಲಾಭಾನೇ."

"ಬೆಳಗ್ಗೆ ಎದ್ದ ಕೂಡ್ಲೇ ಬಿಡ್ಬೇಕು ಅಂತಾನೇ ಅನ್ಕೋತೀನಿ," ಎಂದಳು ಸೊಸೆ. "ಸಂಜೆ ಹೊತ್ತಿಗೆ ಕೈ ತಾನಾಗೇ ಹೋಗಿಬಿಡುತ್ತೆ."

"ಇವತ್ತಿಂದ ಪ್ರಯತ್ನ ಮಾಡು. ಒಂದು ಸಲ ಸೋತ್ರೂ ಬಚ್ಚಿಡಬೇಡ, ಬಂದು ಹೇಳು." ಆಮೇಲೆ ನರ್ಸಮ್ಮ ಅತ್ತೆಗೂ ಒಂದು ಕೆಲಸ ಕೊಟ್ಟರು. "ನೀವು ಸಿಗರೇಟು ಹುಡುಕೋದು ನಿಲ್ಸಿ. ಇವಳು ಮೇಲೆ ಹೋಗೋಕೆ ಮುಂಚೆ ಹತ್ತು ನಿಮಿಷ ಮನೇಲಿ ಏನಾಯ್ತು, ಯಾರು ಏನಂದ್ರು, ಅದನ್ನ ಬರೀರಿ. ಒಂದು ವಾರ ಸಾಕು. ಏನಮ್ಮ, ನಿಂಗೆ ಒಪ್ಪಿಗೇನಾ?"

"ಹೇಗಿದ್ರೂ ನೋಡ್ತಾನೇ ಇರ್ತಾರೆ," ಎಂದಳು ಸೊಸೆ. "ಬರ್ಕೊಳ್ಳಿ ಬಿಡಿ."

ಚೆಕಿಂಗ್ ಅಮ್ಮನಿಗೆ ಹತ್ತು ವರ್ಷ ಚಿಕ್ಕವರಾದಂತೆ ಆಯಿತು. ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಇಡೀ ವಾರ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದರು. ವಾರದ ಕೊನೆಗೆ ನರ್ಸಮ್ಮನ ಮುಂದೆ ಎದೆಯುಬ್ಬಿಸಿ ನಿಂತು, ಮೇಲಧಿಕಾರಿಗೆ ವರದಿ ಒಪ್ಪಿಸುವ ದನಿಯಲ್ಲಿ ಓದತೊಡಗಿದರು.

"ಸೋಮವಾರ, ಸಂಜೆ ಆರು ಗಂಟೆ. ಸೊಸೆ ಕೆಲಸದಿಂದ ಬಂದಳು. ಅತ್ತೆ, 'ಏನೇ ಇದು, ಹೊಟ್ಟೆ ಬೆಳೀತಾನೇ ಇಲ್ವಲ್ಲ' ಅಂದರು. ಆರು ಗಂಟೆ ಎಂಟು ನಿಮಿಷ, ಸೊಸೆ ಮೇಲೆ ಹೋದಳು. ಮಂಗಳವಾರ. ಮಗ ಬಾಗಿಲಲ್ಲಿ ಕೂತು ಸಿಗರೇಟು ಹಚ್ಚಿದ. ವಾಸನೆ ಒಳಗೆ ಬಂತು. ಐದು ನಿಮಿಷಕ್ಕೆ ಸೊಸೆ ಮೇಲೆ ಹೋದಳು. ಬುಧವಾರ. ಅತ್ತೆ ಸೊಸೆಯ ಕೈಚೀಲ ತಪಾಸಣೆ ಮಾಡಿದರು. ಏನೂ ಸಿಗಲಿಲ್ಲ. ಆದರೂ ಬೈದರು. ಸೊಸೆ ಮೇಲೆ ಹೋದಳು. ಗುರುವಾರ. ಸೊಸೆ ಸೊಂಟ ನೋವು ಅಂದಳು. ಅತ್ತೆ, 'ನಾನು ಒಂಬತ್ತು ತಿಂಗಳು ಬಸ್ಸಲ್ಲಿ ನಿಂತೇ ಇದ್ದೆ'..."

ದನಿ ಇಳಿಯುತ್ತಾ ಬಂತು. ಶುಕ್ರವಾರಕ್ಕೆ ಬರುವ ಹೊತ್ತಿಗೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಒರೆಸಿ ಹಾಕಿಕೊಂಡರೂ ಅಲ್ಲಿ ಬರೆದದ್ದು ಬದಲಾಗಿರಲಿಲ್ಲ.

"ನರ್ಸಮ್ಮ, ಇದರಲ್ಲೆಲ್ಲಾ ನಾನೇ ಇದ್ದೀನಲ್ಲ!"

ಸೊಸೆ ನಗು ತಡೆಯಲು ತುಟಿ ಕಚ್ಚಿಕೊಂಡಳು, ಆದರೂ ನಗು ಬಂತು, ನಗುತ್ತಲೇ ಅಳು ಬಂತು. ಅಷ್ಟು ದಿನ ಒಳಗಿಟ್ಟುಕೊಂಡಿದ್ದನ್ನೆಲ್ಲ ಹೇಳಿದಳು. "ನಾನು ಇದನ್ನ ಕಲಿತಿದ್ದೇ ಕೂತ್ಕೊಳ್ಳೋಕೆ, ಅತ್ತೆ. ನಾನು ಕೆಲಸ ಮಾಡೋ ಲಾಂಡ್ರೀಲಿ ದಿನವೆಲ್ಲಾ ನಿಂತು ಇಸ್ತ್ರಿ ಮಾಡ್ಬೇಕು. ಸಿಗರೇಟು ಸೇದೋರು ಹಿಂದಿನ ಅಂಗಳಕ್ಕೆ ಹೋಗಿ ಹತ್ತು ನಿಮಿಷ ಕೂತ್ರೆ ಸೂಪರ್‌ವೈಸರ್ ಏನೂ ಅನ್ನಲ್ಲ. ಸುಮ್ನೆ ಕೂತ್ರೆ, 'ಏನು, ಮೈಗಳ್ಳತನಾನಾ' ಅಂತಾರೆ. ಮನೇಲೂ ಅಷ್ಟೇ. ತಾರಸೀಲಿ ಕೂತಷ್ಟು ಹೊತ್ತು ಯಾರೂ ಕೆಲಸ ಹೇಳಲ್ಲ. ನಮ್ಮಮ್ಮನೂ ಹತ್ತಿರ ಇಲ್ಲ. ಮಗು ಸಣ್ಣಗಿದೆ ಅಂತ ಗೊತ್ತಾದಾಗಿಂದ ಎದೆ ಹಿಂಡುತ್ತೆ. ಹೆದರಿಕೆ ಆದಷ್ಟೂ ಸೇದಬೇಕು ಅನ್ಸುತ್ತೆ, ಸೇದಿದ ಮೇಲೆ ಇನ್ನೂ ಹೆದರಿಕೆ."

ನರ್ಸಮ್ಮ ಅವಳ ಕೈ ಹಿಡಿದುಕೊಂಡರು. "ನೋಡಿದ್ರಾ ಅಮ್ಮ? ಹೊಗೆ ಕಣ್ಣಿಗೆ ಕಾಣುತ್ತೆ, ಅದರ ಹಿಂದಿರೋದು ಕಾಣಲ್ಲ. ದಣಿವು, ಒಂಟಿತನ, ಮನೇಲಿ ಇನ್ನೊಬ್ಬರು ಸೇದೋದು, ದಿನಾ ಬೈಗುಳ. ಮನಸ್ಸು ಭಾರ ಆಗಿದ್ರೆ ಅದಕ್ಕೂ ಚಿಕಿತ್ಸೆ ಇದೆ. ನಾಳೆ ಡಾಕ್ಟರ್ ಹತ್ರ ಮಾತಾಡೋಣ. ಬಿಡೋಕೆ ಮಾತ್ರೆ ಗೀತ್ರೆ ಅಂತ ಅಂಗಡಿಯಿಂದ ನೀವಾಗೇ ತಂದು ಕೊಡ್ಬೇಡಿ."

ಚೆಕಿಂಗ್ ಅಮ್ಮನ ಸಿಟ್ಟೇನೂ ಕರಗಿರಲಿಲ್ಲ, ದಿಕ್ಕು ಬದಲಿಸಿತ್ತು ಅಷ್ಟೇ. ಸಂಜೆ ಮಗ ಬಾಗಿಲಲ್ಲಿ ಕೂತು ಬೆಂಕಿಪೆಟ್ಟಿಗೆ ತೆಗೆಯುತ್ತಿದ್ದಂತೆ ಅದನ್ನು ಕಿತ್ತುಕೊಂಡರು.

"ಇನ್ಮೇಲೆ ಈ ಮನೇಲಿ ಹೊಗೆ ಇಲ್ಲ. ನೀನೂ ಬಿಡ್ಬೇಕು."

"ನಾನ್ಯಾಕಮ್ಮ? ನಾನೇನು ಬಸುರಿನಾ?"

"ನೀನಲ್ಲ. ಆದ್ರೆ ನಿನ್ನ ಹೊಗೆ ಒಳಗೆ ಬರುವಾಗ ಬಸುರಿ ಯಾರು ಅಂತ ಕೇಳ್ಕೊಂಡು ಬರುತ್ತಾ?"

ಮಗ ಇಂಗು ತಿಂದ ಮಂಗನ ಹಾಗೆ ಮುಖ ಮಾಡಿ ಹೆಂಡತಿಯನ್ನು ನೋಡಿದ. ಅವಳು ತಲೆ ತಗ್ಗಿಸಿಕೊಂಡು ನಗುತ್ತಿದ್ದಳು. ಅವನೂ ಬಿಡಲು ಹೊರಟ. ಮೊದಲ ವಾರ ಲಿಫ್ಟಿನ ಬಾಗಿಲುಗಳನ್ನೆಲ್ಲ ಬೈದುಕೊಂಡೇ ಕೆಲಸ ಮಾಡಿದ.

ಮಾರನೆಯ ದಿನ ಸೊಸೆಯನ್ನು ಡಾಕ್ಟರಿಗೆ ತೋರಿಸಿ, ಚೆಕಿಂಗ್ ಅಮ್ಮ ಲಾಂಡ್ರಿಗೇ ನುಗ್ಗಿದರು. "ಸೇದೋರಿಗೆ ಹತ್ತು ನಿಮಿಷ ವಿರಾಮ, ಸೇದದೋರಿಗೆ ಏನಿದೆ?" ಎಂದು ಸೂಪರ್‌ವೈಸರನ್ನು ಕೇಳಿದರು. ಅವನು ತಡವರಿಸಿ, ಇಷ್ಟು ವರ್ಷ ಯಾರೂ ಕೇಳಿರಲಿಲ್ಲ ಎಂದ. "ಈಗ ಕೇಳ್ತಾ ಇದ್ದೀನಲ್ಲ," ಎಂದು ಅವನ ಕುರ್ಚಿಯಲ್ಲೇ ಕೂತುಬಿಟ್ಟರು. ಎರಡು ದಿನದಲ್ಲಿ ಇಸ್ತ್ರಿ ಮೇಜುಗಳ ಪಕ್ಕ ನಾಲ್ಕು ಸ್ಟೂಲು ಬಂದವು, ಎಲ್ಲರಿಗೂ ವಿರಾಮ ಸಿಕ್ಕಿತು.

ಸೊಸೆ ಎರಡು ಸಲ ಜಾರಿದಳು. ಎರಡು ಸಲವೂ ತಾನೇ ಹೋಗಿ ನರ್ಸಮ್ಮನಿಗೆ ಹೇಳಿದಳು. ಎಂಟನೆಯ ತಿಂಗಳಿಗೆ ಪೂರ್ತಿ ಬಿಟ್ಟಳು. ಹೆಣ್ಣು ಮಗು ಹುಟ್ಟಿತು. ಮಗು ಸ್ವಲ್ಪ ಸಣ್ಣಗಿತ್ತು, ಆದರೆ ಗಟ್ಟಿಯಾಗಿತ್ತು, ಗಂಟಲಂತೂ ಅಜ್ಜಿಯದೇ. ಗೆದ್ದೆವು ಎಂದುಕೊಂಡು ಎಲ್ಲರೂ ನಿಶ್ಚಿಂತರಾದರು. ತಪ್ಪಾಗಿದ್ದೇ ಅಲ್ಲಿ.

ಬಸುರಿಯನ್ನು ಎಲ್ಲರೂ ವಿಚಾರಿಸಿಕೊಳ್ಳುತ್ತಾರೆ. ಹೆತ್ತ ಮೇಲೆ ಬಂದವರೆಲ್ಲ ಮಗುವನ್ನು ಎತ್ತಿಕೊಳ್ಳುತ್ತಾರೆ, ತಾಯಿಯನ್ನು ಕೇಳುವವರೇ ಇಲ್ಲ. ಎರಡನೆಯ ತಿಂಗಳಲ್ಲಿ ಮಗು ದಿನಾ ಸಂಜೆ ಮೂರು ಗಂಟೆಯ ಕಾಲ ಅಳತೊಡಗಿತು. ಸೊಸೆಗೆ ನಿದ್ದೆಯಿಲ್ಲ, ತಲೆ ಬಾಚಿಕೊಳ್ಳಲೂ ಬಿಡುವಿಲ್ಲ. ಒಂದು ಸಂಜೆ ಚೆಕಿಂಗ್ ಅಮ್ಮ ಮಗುವನ್ನು ತೂಗುತ್ತಾ ಬಾಯಿ ಜಾರಿ ಅಂದುಬಿಟ್ಟರು. "ನಿನ್ನ ಹಾಲೇ ಸಾಲ್ತಾ ಇಲ್ಲ ಅನ್ಸುತ್ತೆ ಕಣೇ."

ಸೊಸೆ ಮೆಟ್ಟಿಲು ಹತ್ತಿದಳು. ಮಗು ನಿದ್ದೆ ಹೋಯಿತು. ಚೆಕಿಂಗ್ ಅಮ್ಮನಿಗೆ ತಾವು ಆಡಿದ ಮಾತು ಆಗ ಕೇಳಿಸಿತು. ಮಗುವನ್ನು ಮಗನ ಕೈಗೆ ಕೊಟ್ಟು, ಮಂಡಿ ಹಿಡಿದುಕೊಂಡು ಮೇಲೆ ಹೋದರು.

ಸೊಸೆ ನೆಲದ ಮೇಲೆ ಕೂತಿದ್ದಳು. ಒಂದು ಕೈಯಲ್ಲಿ ಸಿಗರೇಟು, ಇನ್ನೊಂದರಲ್ಲಿ ಬೆಂಕಿಕಡ್ಡಿ. ಇನ್ನೂ ಗೀರಿರಲಿಲ್ಲ. ಅತ್ತೆಯನ್ನು ಕಂಡು ಬಚ್ಚಿಡಲಿಲ್ಲ, ಸುಮ್ಮನೆ ಕಣ್ಣು ಮುಚ್ಚಿ ಬೈಗುಳಕ್ಕೆ ಕಾದಳು. ಏನೂ ಬರಲಿಲ್ಲ. ಚೆಕಿಂಗ್ ಅಮ್ಮ ಉಸ್ಸೆಂದು ಪಕ್ಕದಲ್ಲೇ ಕೂತರು. ಅವರ ಮುಖ ಕೆಂಪಾಗಿತ್ತು.

"ಅತ್ತೆ, ನೀವು ಬೈಯಲ್ವಾ?"

"ಬಾಯಿ ತುಂಬಾ ಬಂದಿದೆ ಕಣೇ. ನುಂಗ್ತಾ ಇದ್ದೀನಿ. ಅಯ್ಯೋ, ಎಷ್ಟು ಕಷ್ಟ ಇದು!"

"ನಂಗೂ ಹೀಗೇ ಆಗೋದು, ಅತ್ತೆ."

ಚೆಕಿಂಗ್ ಅಮ್ಮ ಸೊಸೆಯನ್ನು ತಿರುಗಿ ನೋಡಿದರು. ಅವರ ಕಣ್ಣು ತುಂಬಿ ಬಂತು. ಸಿಗರೇಟಿಗಾಗಿ ಕೈ ಚಾಚಿದರು, ಆದರೆ ಕಿತ್ತುಕೊಳ್ಳಲಿಲ್ಲ. ಸೊಸೆಯೇ ಅದನ್ನು ಅವರ ಅಂಗೈಯಲ್ಲಿಟ್ಟು, ಅವರ ಭುಜಕ್ಕೆ ತಲೆಯಾನಿಸಿದಳು.

"ಇಬ್ರೂ ಸೇರಿ ಬಿಡೋಣ ಬಾ," ಎಂದರು ಚೆಕಿಂಗ್ ಅಮ್ಮ. "ನೀನು ಸೇದೋದನ್ನ, ನಾನು ಬೈಯೋದನ್ನ."

ಇದನ್ನು ಓದುತ್ತಿರುವ, ಕೇಳುತ್ತಿರುವ ಅತ್ತೆಯರೇ, ಗಂಡಂದಿರೇ, ಅಕ್ಕತಂಗಿಯರೇ, ನಿಮ್ಮ ಮನೆಯಲ್ಲೂ ಒಬ್ಬಳು ಹೀಗೆ ಕದ್ದು ಸೇದುತ್ತಿರಬಹುದು. ಅವಳ ಚೀಲ ತಡಕಬೇಡಿ. ಸೇದುವ ಮುಂಚೆ ಏನಾಯಿತು, ಅದರಲ್ಲಿ ನಾನೆಷ್ಟಿದ್ದೆ ಎಂದು ನೋಡಿಕೊಳ್ಳಿ. ಹೊಗೆ ಯಾರದಾದರೂ ಸರಿ, ಮನೆಯೊಳಗೆ ಬೇಡ, ಮಗುವಿನ ಹತ್ತಿರವಂತೂ ಬೇಡವೇ ಬೇಡ. ಗಂಡನೂ ಜೊತೆಗೇ ಬಿಡಲಿ. ಹೆರಿಗೆಯಾದ ಮೇಲಿನ ತಿಂಗಳುಗಳಲ್ಲಿ ತಾಯಿಯನ್ನು ಇನ್ನೂ ಹೆಚ್ಚು ನೋಡಿಕೊಳ್ಳಿ, ಬಿಟ್ಟವರು ಮತ್ತೆ ಹಚ್ಚುವುದು ಆಗಲೇ. ಮತ್ತು ನೀನು, ಸೇದುತ್ತಿರುವ ತಾಯೀ, ನಾಚಿಕೊಳ್ಳಬೇಡ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳು. ಮನೆಯವರೇ, ಇವತ್ತೇ ಆ ತಾಯಿಯ ಕೈಯಿಂದ ಮಗುವನ್ನು ಎತ್ತಿಕೊಳ್ಳಿ, "ಸ್ವಲ್ಪ ಹೊತ್ತು ಕೂತ್ಕೋಮ್ಮ" ಅನ್ನಿ. ಅನ್ನುತ್ತೀರಲ್ಲ?