ಸರ್ವೆಗೆ ಮೊದಲು ಸುಣ್ಣ

ಹೊಳೆ ಇಳಿದು ಹನ್ನೆರಡು ದಿನವಾದರೂ ಲಿಂಗಿಯ ಮನೆಯೊಳಗೆ ಮೊಣಕಾಲುದ್ದ ಕೆಸರಿತ್ತು. ಒಲೆ ಇದ್ದಲ್ಲಿ ಗುಂಡಿ. ಹಿಂದಿನ ಗೋಡೆ ಅರ್ಧ ಕುಸಿದಿತ್ತು, ಉಳಿದರ್ಧದಲ್ಲಿ ಕೈ ತೂರುವಷ್ಟು ಬಿರುಕು. ಮಣ್ಣಿನ ಗೋಡೆ ಎರಡು ದಿನ ನೀರಲ್ಲಿ ನಿಂತರೆ ಇನ್ನೇನಾಗುತ್ತದೆ? ಹೊಳೆಕರೆಯ ಹದಿನಾಲ್ಕು ಮನೆಯದೂ ಅದೇ ಪಾಡು.

ನಾನು ಉಷಾರಾಣಿ, ಅಲ್ಲಿನ ಅಂಗನವಾಡಿ ಟೀಚರ್. ಕುಶಾಲನಗರದ ಕಡೆಯವಳು. ಆಮೇಲೆ ನಡೆದದ್ದರಲ್ಲಿ ನನ್ನ ತಪ್ಪೂ ಇದೆ, ಅದನ್ನೂ ಹೇಳುತ್ತೇನೆ.

ಹೊಳೆಕರೆಯ ಆ ಜಾಗ ಪೈಸಾರಿ, ಅಂದರೆ ಸರ್ಕಾರದ್ದು. ಪಕ್ಕದ ಕಾಫಿ ಎಸ್ಟೇಟಿನಲ್ಲಿ ದುಡಿಯುವ ಎರವ ಬುಡಕಟ್ಟಿನವರು ಮೂವತ್ತು ವರ್ಷದಿಂದ ಅಲ್ಲಿದ್ದಾರೆ. ತಮ್ಮತಮ್ಮಲ್ಲಿ ಎರವ ಮಾತು, ನನ್ನ ಹತ್ತಿರ ಕನ್ನಡ. ಪ್ರತಿ ಮಳೆಗಾಲ ಹೊಸ್ತಿಲವರೆಗೆ ಬರುತ್ತಿದ್ದ ನೀರು ಈ ಸಲ ಒಳಗೇ ನುಗ್ಗಿತು. ಶಾಲೆಯಲ್ಲಿ ಪರಿಹಾರ ಕೇಂದ್ರ ತೆರೆದರು. ಜನ ಕೈಬಿಡಲಿಲ್ಲ, ಸುಳ್ಳು ಹೇಳಬಾರದು. ಕೊಡ್ಲಿಪೇಟೆಯ ಸಂಘದವರು ಅಕ್ಕಿ, ಕಂಬಳಿ ತಂದರು. ಮಸೀದಿಯವರು ಮೂರು ದಿನ ಅನ್ನ ಬೇಯಿಸಿ ಬಡಿಸಿದರು. ಆಮೇಲೆ ಅಧಿಕಾರಿಗಳು ಬಂದರು. ಮನೆ ಪೂರ್ತಿ ಹಾಳಾದವರಿಗೆ ಎತ್ತರದ ಬಡಾವಣೆಯಲ್ಲಿ ಪಕ್ಕಾ ಮನೆ, ಜೊತೆಗೆ ಹಕ್ಕುಪತ್ರ ಅಂದರು. ಸೋಮವಾರ ಇಂಜಿನಿಯರ್ ಸರ್ವೆಗೆ ಬರುತ್ತಾರೆ, ಅವರು ಬರೆದದ್ದೇ ಅಂತಿಮ ಅಂದರು.

ಲಿಂಗಿ ನನ್ನ ಸೆರಗು ಹಿಡಿದು ಕೇಳಿದಳು. "ಹಕ್ಕುಪತ್ರದಲ್ಲಿ ನನ್ನ ಹೆಸ್ರೇ ಬರೀತಾರಾ ಟೀಚರೇ?"

"ನಿನ್ನದೇ."

"ಆಮೇಲೆ ಯಾರೂ ಎಬ್ಬಿಸಿ ಓಡ್ಸಂಗಿಲ್ವಾ?"

"ಇಲ್ಲ ಕಣೆ."

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಐವತ್ತು ದಾಟಿದ ಹೆಂಗಸು, ಮದುವೆ ಗೊತ್ತಾದ ಹುಡುಗಿಯ ಹಾಗೆ ನಕ್ಕಳು.

ಶನಿವಾರ ಎಸ್ಟೇಟಿನ ಟ್ರ್ಯಾಕ್ಟರ್ ಬಂತು. ಅದರ ತುಂಬ ಕೆಂಪು ಮಣ್ಣು, ಬಿದಿರು, ಸುಣ್ಣದ ಮೂಟೆ, ನೀಲಿ ಟಾರ್ಪಾಲು. ಜೊತೆಗೆ ಕೀರ್ತಿಕುಮಾರ್. ಅವನು ಎಸ್ಟೇಟಿನ ರೈಟರ್, ಹಾಜರಿ ಬರೆದು ಕೆಲಸ ಹಂಚುವವನು. ಹುಟ್ಟಿದ್ದು ಇದೇ ಹೊಳೆಕರೆಯಲ್ಲಿ. ಅಲ್ಲಿನ ಮುದುಕಿ ಮುದ್ದಿಯ ಒಬ್ಬನೇ ಮಗ. ಪಿಯುಸಿ ಮುಗಿಸಿದ ಮೇಲೆ ಎಸ್ಟೇಟಿನವರು ಕ್ವಾರ್ಟರ್ಸ್ ಕೊಟ್ಟರು. ಅವ್ವ ಮಾತ್ರ ಹೊಳೆಕರೆ ಬಿಟ್ಟು ಬರಲಿಲ್ಲ. ಚಿಕ್ಕವನಿದ್ದಾಗ ತೋಡು ತುಂಬಿದ ದಿನವೆಲ್ಲ ಅವನನ್ನು ಹೆಗಲ ಮೇಲೆ ಶಾಲೆಗೆ ದಾಟಿಸಿದವಳು ಲಿಂಗಿ.

"ಸಾವ್ಕಾರ್ರು ಕಳ್ಸಿದ್ದಾರೆ" ಅಂದ. "ಸೋಮವಾರ ದೊಡ್ಡೋರು ಬರ್ತಾರೆ. ಈ ಕೊಳಕಲ್ಲಿ ನಿಲ್ಲಿಸ್ತೀರಾ ಅವರನ್ನ? ಇದ್ದ ಮನೇನೇ ನೆಟ್ಟಗಿಟ್ಕೊಳ್ದೋರಿಗೆ ಹೊಸ ಮನೆ ಯಾಕೆ ಅಂತ ಬರೆದು ಹೋಗ್ತಾರೆ ಅಷ್ಟೇ."

ಆ ಮಾತು ನಾಟಿತು. ಕೊಳಕರು ಅನ್ನಿಸಿಕೊಂಡೇ ಬದುಕಿದವರು ಅವರು. ಮನೆಗೆ ನೆಂಟರು ಬರಲಿ, ಹೆಣ್ಣು ನೋಡುವವರು ಬರಲಿ, ಮೊದಲು ಗೋಡೆ ಮೆತ್ತಿ ನೆಲ ಸಾರಿಸುವುದು ಅವರ ಪದ್ಧತಿ. ಅದರಲ್ಲಿ ಲಿಂಗಿಯದು ಎತ್ತಿದ ಕೈ.

"ಏಳ್ರೇ, ನಮ್ಮ ಕೈ ಹೆಂಗದೆ ಅಂತ ನೋಡ್ಲಿ" ಅಂತ ಎಲ್ಲರನ್ನೂ ಎಬ್ಬಿಸಿದಳು. ಎರಡು ದಿನ ಸೊಂಟ ನೆಟ್ಟಗೆ ಮಾಡಲಿಲ್ಲ. ಕೆಸರು ಹೊತ್ತು ಹಾಕಿದರು. ಬಿದ್ದ ಕಡೆ ಬಿದಿರು ಕಟ್ಟಿ ಮಣ್ಣು ಮೆತ್ತಿದರು. ಬಿರುಕು ಮುಚ್ಚಿ ಸುಣ್ಣ ಬಳಿದರು. ಎಪ್ಪತ್ತರ ಮುದ್ದಿ ಕೂಡ ಸೀರೆ ಎತ್ತಿ ಕಟ್ಟಿ ಮಣ್ಣು ತುಳಿದಳು. ಮಗ ತಂದ ಮಣ್ಣು ಅಂತ ಅವಳಿಗೆ ಹೆಮ್ಮೆ. ನಾನು ಅಂಗನವಾಡಿಯಿಂದ ರಂಗೋಲಿ ಪುಡಿ ತಂದುಕೊಟ್ಟೆ. ಓದಿದವಳು ನಾನು. ಗೋಡೆ ಮುಚ್ಚಿದರೆ ಹಾನಿಯೂ ಮುಚ್ಚಿಹೋಗುತ್ತದೆ ಅಂತ ನನ್ನ ಮಂಡೆಗೆ ಹೊಳೆಯಬೇಡವೇ? "ಎಷ್ಟು ಚೆಂದ ಕಾಣ್ತಿದೆ!" ಅಂದೆ.

ಸೋಮವಾರ ಇಂಜಿನಿಯರ್ ಬಂದರು. ಕೀರ್ತಿಕುಮಾರ್ ಕೊಡೆ ಹಿಡಿದು ಹಿಂದೆಯೇ ನಡೆದ. ಒಂದೊಂದು ಮನೆಗೂ ಮುಂದಿನಿಂದ ಒಂದೊಂದು ಫೋಟೋ. ಲಿಂಗಿ ಬೆಲ್ಲದ ಕಾಫಿ ತಂದಳು.

"ಒಳಗೆ ಬನ್ನಿ ಸಾರ್, ಹಿಂದಿನ ಗೋಡೆ ನೋಡಿ."

ಅವರು ಬಾಗಿಲಲ್ಲೇ ಬಗ್ಗಿ ನೋಡಿದರು. "ರಿಪೇರಿ ಆಗಿದೆಯಲ್ಲ?"

"ಆಗಿದೆ ಸಾರ್, ಎಲ್ಲ ವಾಸ ಶುರು ಮಾಡಿದ್ದಾರೆ" ಅಂದ ಕೀರ್ತಿಕುಮಾರ್.

ಲಿಂಗಿಗೆ ಅದು ಹೊಗಳಿಕೆಯಂತೆ ಕೇಳಿಸಿತು. "ನಾನೇ ಮೆತ್ತಿದ್ದು ಸಾರ್" ಅಂದಳು.

ನವೆಂಬರಿನಲ್ಲಿ ಪಂಚಾಯಿತಿ ಗೋಡೆಗೆ ಪಟ್ಟಿ ಅಂಟಿಸಿದರು. ಹದಿನಾಲ್ಕು ಮನೆಯ ಮುಂದೂ ಒಂದೇ ಮಾತು: ಭಾಗಶಃ ಹಾನಿ, ವಾಸಯೋಗ್ಯ. ಹೊಸ ಬಡಾವಣೆಯಲ್ಲಿ ಒಬ್ಬರಿಗೂ ಮನೆ ಇಲ್ಲ. ಕಚೇರಿಗೆ ಹೋಗಿ ಕೇಳಿದೆ. "ಫೋಟೋ ನೋಡಿ ಮೇಡಂ, ರಂಗೋಲಿ ಹಾಕಿದ್ದಾರೆ. ಇದನ್ನ ಬಿದ್ದ ಮನೆ ಅಂತ ಹೇಗೆ ಬರೆಯೋದು?" ಅಂದರು.

ಅಲ್ಲಿಂದ ನೇರ ಕೀರ್ತಿಕುಮಾರನ ಹತ್ತಿರ ಹೋದೆ.

"ಬೇಕಂತಲೇ ಮಾಡಿಸಿದೆಯೇನೋ?"

"ಸಾವ್ಕಾರ್ರು ಹೇಳಿದ್ದು ಟೀಚರ್" ಅಂದ, ಮುಖ ನೋಡದೆ. "ಬಡಾವಣೆ ಇಪ್ಪತ್ತು ಕಿಲೋಮೀಟರ್ ದೂರ. ಇವರೆಲ್ಲ ಅಲ್ಲಿಗೆ ಹೋದ್ರೆ ಕಾಫಿ ಕೊಯ್ಯೋರು ಯಾರು? ಅಸ್ಸಾಂನಿಂದ ಬರೋ ಕೂಲಿಯೋರನ್ನ ನಂಬಕ್ಕಾಗಲ್ಲ."

"ನಿನ್ನ ಅವ್ವನೂ ಅಲ್ಲೇ ಇದ್ದಾಳಲ್ಲೋ!"

"ಮಳೆಗಾಲಕ್ಕೆ ಕ್ವಾರ್ಟರ್ಸಿಗೆ ಕರ್ಕೊಂಡು ಬರ್ತೀನಿ."

"ಉಳಿದ ಹದಿಮೂರು ಮನೆ?"

ಅವನು ಹಾಜರಿ ಪುಸ್ತಕದ ಹಾಳೆ ತಿರುವಿದ. ನನಗೆ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಬಾರಿಸಲಿಲ್ಲ, ಇವತ್ತಿಗೂ ಆ ಬೇಜಾರಿದೆ.

ಹೊಳೆಕರೆಯಲ್ಲಿ ಎಲ್ಲರನ್ನೂ ಕೂರಿಸಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಲಿಂಗಿ ತನ್ನ ಅಂಗೈ ನೋಡಿಕೊಂಡಳು. "ಹೊಳೆ ಅರ್ಧ ಬಿಟ್ಟಿತ್ತು ಟೀಚರೇ. ಉಳಿದಿದ್ದನ್ನ ನಾನೇ ಕೈಯಾರೆ ಕಳೆದೆ" ಅಂದಳು. ಮುದ್ದಿ ಎದ್ದು ಒಳಗೆ ಹೋದಳು.

ಜನವರಿಯಲ್ಲಿ ಕಾಫಿ ಹಣ್ಣು ಕೆಂಪಾಯಿತು. ಕೊಯ್ಲಿನ ಮೊದಲ ದಿನ ಏಳು ಗಂಟೆಗೆ ಎಸ್ಟೇಟಿನ ಪಿಕಪ್ ಬಂತು. ಯಾರೂ ಹತ್ತಲಿಲ್ಲ.

"ಹೊತ್ತಾಯ್ತು, ಹತ್ರೀ" ಅಂದ ಕೀರ್ತಿಕುಮಾರ್.

"ಸರ್ವೆ ಇನ್ನೊಂದ್ಸಲ ಆಗ್ಲಿ. ಆಮೇಲೆ ಕೊಯ್ತೀವಿ" ಅಂದಳು ಲಿಂಗಿ.

"ಸರ್ವೆ ಸರ್ಕಾರದ್ದು ಲಿಂಗಕ್ಕ. ಸಾವ್ಕಾರ್ರೇನು ಮಾಡ್ತಾರೆ?"

"ಮಣ್ಣು ಕಳ್ಸಿದ್ದು ಸರ್ಕಾರಾನಾ?"

ಅವನು ತಾಯಿಯ ಕಡೆ ತಿರುಗಿದ. "ಅವ್ವ, ನೀನಾದ್ರೂ ಹೇಳು ಇವರಿಗೆ."

ಮುದ್ದಿ ಗುದ್ದಲಿ ತಗೊಂಡು ಮನೆಯ ಹಿಂದಕ್ಕೆ ಹೋದಳು. ನಾವೂ ಹೋದೆವು, ಅವನೂ ಬಂದ. ಸುಣ್ಣ ಬಳಿದ ಗೋಡೆಗೆ ಒಂದು ಏಟು ಹಾಕಿದಳು. ಮೆತ್ತಿದ್ದು ಹಲಗೆಯಷ್ಟು ಅಗಲಕ್ಕೆ ಕಳಚಿ ಬಿತ್ತು. ಒಳಗೆ ಗೋಡೆ ಬಾಯಿ ಬಿಟ್ಟು ನಿಂತಿತ್ತು.

"ಇದರ ಬುಡಕ್ಕೆ ತಲೆ ಇಟ್ಟು ಮಲಗ್ತೀನಿ ನಾನು" ಅಂದಳು. "ಸುಣ್ಣ ತಂದಾಗ ಗೊತ್ತಿತ್ತಾ ನಿಂಗೆ?"

"ಅವ್ವ, ಕ್ವಾರ್ಟರ್ಸಿಗೆ ಬಾ."

"ಗೊತ್ತಿತ್ತಾ?"

ಮುದ್ದಿ ಇನ್ನೊಂದು ಏಟು ಹಾಕಿದಳು. ಪಕ್ಕದ ಮನೆಯಿಂದಲೂ ಗುದ್ದಲಿ ಸದ್ದು ಬಂತು, ಆಮೇಲೆ ಅದರಾಚೆಯ ಮನೆಯಿಂದ. ಪಿಕಪ್ ಖಾಲಿ ಹೋಯಿತು.

ಹೊಳೆ ಮನೆ ಮುರಿದಾಗ ಇಂಜಿನಿಯರ್ ಬಂದು ನೋಡಲು ಎರಡು ವಾರ ಬೇಕಾಗಿತ್ತು. ನಾವು ಮೆತ್ತಿದ ಮಣ್ಣು ಕಿತ್ತಾಗ ಎರಡೇ ಗಂಟೆಯೊಳಗೆ ಜೀಪು ಬಂತು. ಸಾಹುಕಾರರು ಫೋನ್ ಮಾಡಿದ್ದರಂತೆ. ಅಧಿಕಾರಿ ಕಾಗದ ಹಿಡಿದುಕೊಂಡೇ ಇಳಿದ.

"ಸರ್ಕಾರಿ ಜಾಗದ ಮನೆಗಳನ್ನ ಕೆಡವ್ತಿದ್ದೀರಂತೆ. ಕೇಸ್ ಆಗುತ್ತೆ. ಯಾರು ಕೆಡವಿದ್ದು?"

ಲಿಂಗಿ ಕೈ ಒರೆಸಿಕೊಂಡು ಮುಂದೆ ಬಂದಳು. ಈ ಸಲ ಕಾಫಿ ತರಲಿಲ್ಲ.

"ಒಳಗೆ ಬನ್ನಿ ಸಾರ್. ಯಾರು ಕೆಡವಿದ್ದು ಅಂತ ನೀವೇ ನೋಡಿ ಬರ್ಕೊಳ್ಳಿ."

ಆತ ಹೊಸ್ತಿಲಲ್ಲೇ ನಿಂತು ಜೀಪಿನ ಕಡೆ ತಿರುಗಿ ನೋಡಿದ. ಅಷ್ಟರಲ್ಲಿ ಹದಿನಾಲ್ಕು ಮನೆಯವರೂ ನಾನೂ ಅವನ ಬೆನ್ನ ಹಿಂದೆ ಬಂದು ನಿಂತಿದ್ದೆವು. ಯಾರೂ ದಾರಿ ಬಿಡಲಿಲ್ಲ.