ಕ್ಷಮೆಯ ಶೂಟಿಂಗ್

ಗೋಲು ಹೊಡೆದು ಹೆಸರು ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ನಾನು ಬಿದ್ದು ಹೆಸರು ಮಾಡಿದವನು. ಬೆಂಗಳೂರಿನ ಕ್ಲಬ್ಬಿಗೆ ನಾಲ್ಕು ವರ್ಷ ಆಡಿದ ಸ್ಟ್ರೈಕರ್ ನಿತೇಶನನ್ನು ಈಗ ಯಾರೂ ನೆನಪಿಟ್ಟಿಲ್ಲ. ಆದರೆ ಬಾಲ್ಯದ ಗೆಳೆಯನೇ ಕಾಲು ಮುರಿದರೂ ಧೃತಿಗೆಡದೆ ನಟನಾದ ನಿತೇಶ ಎಲ್ಲರಿಗೂ ಗೊತ್ತು. ಹೋದ ವರ್ಷ ಬ್ರಹ್ಮಾವರದಲ್ಲಿ ಸನ್ಮಾನ ಮಾಡಿದಾಗ ಆ ಕತೆಯನ್ನು ಮೈಕ್ ಹಿಡಿದು ನಾನೇ ಹೇಳಿದೆ. ಮೂಳೆ ಲಟಕ್ಕೆಂದ ಸದ್ದನ್ನು ಅಲ್ಲಿಯೇ ಮೊದಲ ಸಲ ಸೇರಿಸಿದ್ದು. ಮುಂದಿನ ಸಾಲಿನ ಹೆಂಗಸೊಬ್ಬರು ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ.

ನನ್ನ ಕಾಲು ಮುರಿದವನೆಂದು ಹೆಸರಾದ ಆ ಗೆಳೆಯ ಗಂಗೊಳ್ಳಿಯ ಕುಷ್ಟ. ಅಜ್ಜನ ಹೆಸರನ್ನೇ ಇಟ್ಟಿದ್ದರು ಅವನಿಗೆ. ನಾನು ಬಿಜೂರಿನಿಂದ ಬಸ್ಸಿನಲ್ಲಿ ಬಂದು ಅವನ ಜೊತೆ ಕಡಲ ತಡಿಯ ಹೊಯ್ಗೆಯಲ್ಲಿ ಚೆಂಡು ಒದ್ದು ಬೆಳೆದೆ. ಅವನನ್ನು ದಾಟಿ ಮುಂದೆ ಹೋಗುವುದು ಕಲಿತದ್ದರಿಂದಲೇ ನಾನು ಸ್ಟ್ರೈಕರ್ ಆದದ್ದು. ದೊಡ್ಡವರಾದ ಮೇಲೆ ಬೇರೆ ಬೇರೆ ಕ್ಲಬ್ ಸೇರಿದೆವು, ಒಂಬತ್ತು ವರ್ಷದ ಹಿಂದೆ ಒಂದು ಸೆಮಿಫೈನಲ್‌ನಲ್ಲಿ ಎದುರಾದೆವು.

ನಿಜ ಏನೆಂದರೆ, ಆ ದಿನ ಕುಷ್ಟ ನನ್ನನ್ನು ಮುಟ್ಟಲೇ ಇಲ್ಲ. ನನ್ನ ಮಂಡಿ ಮೂರು ವಾರದ ಮೊದಲೇ ಅಭ್ಯಾಸದಲ್ಲಿ ಹೋಗಿತ್ತು. ಕ್ಲಬ್ಬಿಗೆ ಗೊತ್ತಾದರೆ ಮನೆಗೆ ಕಳಿಸುತ್ತಾರೆಂದು ಗುಟ್ಟಾಗಿ ಸ್ಕ್ಯಾನ್ ಮಾಡಿಸಿ, ಮಾತ್ರೆ ನುಂಗಿ ಆಡುತ್ತಿದ್ದೆ. ಎಪ್ಪತ್ತನೆಯ ನಿಮಿಷದಲ್ಲಿ ಇನ್ನು ಓಡಲಾರೆ ಅನ್ನಿಸಿತು. ಕುಷ್ಟ ಚೆಂಡಿಗಾಗಿ ಜಾರಿಕೊಂಡು ಬಂದ, ನಾನು ಮಂಡಿ ಹಿಡಿದು ಕೂಗುತ್ತಾ ಬಿದ್ದೆ. ಇದ್ದ ಒಂದೇ ಕ್ಯಾಮೆರಾಕ್ಕೆ ಇನ್ನೊಬ್ಬ ಆಟಗಾರನ ಬೆನ್ನು ಅಡ್ಡ ಬಂದಿತ್ತು. ರೆಫ್ರಿ ಅವನಿಗೆ ಕೆಂಪು ಕಾರ್ಡು ತೋರಿಸಿದ. ಪಂದ್ಯದಲ್ಲಿ ಆದ ಗಾಯವೆಂದು ಕ್ಲಬ್ಬು ನನ್ನ ಆಪರೇಷನ್ ಮಾಡಿಸಿತು. ಆಸ್ಪತ್ರೆಯಲ್ಲಿ ನಾನು ಕೊಟ್ಟ ಸಂದರ್ಶನ ನೋಡಿ ಒಬ್ಬ ನಿರ್ದೇಶಕ ಕರೆದ. ಕುಷ್ಟನ ಫೋನಿಗೆ ಊರೂರಿನವರು ಬಾಯಿಗೆ ಬಂದಂತೆ ಬೈದು ಕಳಿಸಿದರು. ಅವನ ಕ್ಲಬ್ಬು ಅವನನ್ನು ಕೈಬಿಟ್ಟಿತು. ಅವನು ಗಂಗೊಳ್ಳಿಗೆ ವಾಪಸು ಬಂದು ಐಸ್ ಪ್ಲಾಂಟ್ ಸೇರಿದ.

ಈಗ ಶುಕ್ರವಾರ ನನ್ನ ಸಿನಿಮಾ ಬಿಡುಗಡೆ, ನಾನೇ ನಾಯಕನಾಗಿರುವ ಮೊದಲ ಸಿನಿಮಾ. ಪ್ರಚಾರ ನೋಡಿಕೊಳ್ಳುವ ಶರಣ್ಯಾ ಒಂದು ಐಡಿಯಾ ಮಾಡಿದಳು. ಗಂಗೊಳ್ಳಿಯಲ್ಲಿ ನಾವು ಚಿಕ್ಕಂದಿನಲ್ಲಿ ಆಡಿದ ಅದೇ ಹೊಯ್ಗೆಯ ಮೈದಾನದಲ್ಲಿ ಕುಷ್ಟ ನನ್ನಲ್ಲಿ ಕ್ಷಮೆ ಕೇಳಬೇಕು, ನಾನು ಅಪ್ಪಿಕೊಳ್ಳಬೇಕು. ಎರಡು ನಿಮಿಷದ ವಿಡಿಯೋ. ಕುಷ್ಟ ಒಪ್ಪುವುದಿಲ್ಲ, ಬೈದು ಓಡಿಸುತ್ತಾನೆ ಎಂದು ನಂಬಿಕೊಂಡು ನಾನು ಹೂಂ ಎಂದೆ. ಅವನು ಕೇಳಿದ ಕೂಡಲೇ ಒಪ್ಪಿದನಂತೆ.

ಮೈದಾನಕ್ಕೆ ಹೋದಾಗ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗೋಲಿನ ಹತ್ತಿರ ಕಾಯುತ್ತಿದ್ದ. ಅವನು ಅಬ್ಬಿ ಎಂದು ಕರೆಯುವ ತಾಯಿ ಗುಲಾಬಿಯಮ್ಮ ನೆರೆಯವರ ಜೊತೆ ನೆರಳಿನಲ್ಲಿ ನಿಂತಿದ್ದರು. ಶರಣ್ಯಾ ಇಬ್ಬರ ಅಂಗಿಗೂ ಮೈಕ್ ಸಿಕ್ಕಿಸಿ, "ಮನಸ್ಸಿನಲ್ಲಿ ಇದ್ದದ್ದು ಹೇಳಿ ಸಾಕು," ಎಂದಳು.

ಕುಷ್ಟ ನನ್ನೆದುರು ಬಂದು ನಿಂತ. "ತಪ್ಪಾಯ್ತ್ ಮಾರಾಯ. ಬೇಕಂದ್ ಮಾಡದ್ದಲ್ಲ. ನಿನ್ ಆಟ ನನ್ನಿಂದ ಹಾಳಾಯ್ತ್," ಎಂದವನು ಅತ್ತುಬಿಟ್ಟ.

"ಹೋಯ್ಲಿ ಬಿಡಾ ಕುಷ್ಟ, ನಾ ಎಂದೋ ಕ್ಷಮ್ಸಿದೆ," ಎಂದು ಅಪ್ಪಿಕೊಂಡೆ.

ಬಂದರಿಗೆ ಬರುತ್ತಿದ್ದ ಬೋಟಿನ ಸದ್ದು ಸೇರಿತೆಂದು ಮತ್ತೊಮ್ಮೆ ಮಾಡಿಸಿದರು. ನನಗೆ ಅದೊಂದು ಟೇಕ್ ಅಷ್ಟೆ, ಈ ಸಲ ಮುಖ ಕ್ಯಾಮೆರಾಕ್ಕೆ ಕಾಣುವಂತೆ ಓರೆಯಾಗಿ ಅಪ್ಪಿಕೊಂಡೆ. ಆ ಪಾಪದವನಿಗೆ ಟೇಕು ಗೀಕು ಗೊತ್ತಿರಲಿಲ್ಲ. ಎರಡನೆಯ ಸಲವೂ ಅಷ್ಟೇ ಅತ್ತ. ಆಮೇಲೆ ನೋಡಿದರೆ ಅವನ ಮುಖದ ಮೇಲೆ ನೆರಳು ಬಿದ್ದಿದೆಯಂತೆ. ಬ್ಯಾಟರಿ ಬದಲಿಸಲು ಹತ್ತು ನಿಮಿಷ ಬಿಡುವು ಕೊಟ್ಟು ಮೈಕ್ ಬಿಚ್ಚಿಕೊಂಡರು.

ಇಬ್ಬರೂ ಗೋಲಿನ ಹಿಂದೆ ಹೋಗಿ ಕೂತೆವು. ಅವನು ಕಣ್ಣೊರೆಸಿಕೊಂಡು ಕೇಳಿದ. "ಕಾಲ್ ಈಗ ಹ್ಯಾಂಗಿತ್ತಾ? ಮಳೆಗಾಲದಲ್ ನೋವ್ ಬತ್ತಾ?"

"ಇಲ್ಲ ಮಾರಾಯ, ಸಮಾ ಆಯ್ತ್."

"ಆಯ್ಕೇ ಬೇಕ್. ನೀ ಕುಂಟ್ದೆ ನಡೂಕೆ ಸುರು ಮಾಡದ್ ಟಿವಿಯಲ್ ಕಂಡ ದಿನವೇ ಬೆಳ್ಳಿ ಕಾಲ್ ಮಾಡ್ಸಿ ದೇವ್ರಿಗೆ ಒಪ್ಸಿ ಬಂದೆ. ಅಬ್ಬಿ ಹರ್ಕೆ ಹೇಳ್ಕಂಡಿತ್ತ್."

ಐಸ್ ಪ್ಲಾಂಟಿನಲ್ಲಿ ಮಂಜುಗಡ್ಡೆ ಹೊತ್ತು ದುಡಿದವನು ನನ್ನ ಸುಳ್ಳಿಗೆ ಬೆಳ್ಳಿಯ ಕಾಲು ಮಾಡಿಸಿ ದೇವರ ಮುಂದೆ ಇಟ್ಟು ಬಂದಿದ್ದಾನೆ. ಇನ್ನು ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ. ಸ್ಕ್ಯಾನು, ಮಾತ್ರೆ, ಬಿದ್ದದ್ದು ಎಲ್ಲವನ್ನೂ ಹೇಳಿಬಿಟ್ಟೆ.

ಅವನು ತನ್ನ ಬಲಗಾಲನ್ನು ನೋಡಿಕೊಂಡ. "ಮುಟ್ಲೇ ಇಲ್ಯಾ?"

"ಇಲ್ಲ."

"ಒಂಚೂರೂ?"

"ಇಲ್ಲ ಕುಷ್ಟ."

ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದರೆ ಒಳ್ಳೆಯದೆಂದೂ ಅನ್ನಿಸಿತು. ಅವನು ಎದ್ದು ಪ್ಯಾಂಟಿನ ಹೊಯ್ಗೆ ಕೊಡವಿಕೊಂಡ. "ಮಗ್ಳಿಗೆ ಶಾಲೆ ಟೀಮಿಗೆ ಸೇರೂಕೆ ಬಿಡ್ಲಿಲ್ಲ ನಾನ್. ನನ್ ಕಾಲಿನ ಗುಣ ಅದ್ಕೂ ಬಂದಿದ್ರೆ ಅಂದ್ಕಂಡ್. ಮೀನ್ ಮಾರ್ಕೆಟ್ಟಲ್ ಅಬ್ಬಿಯ ಹೆಸ್ರ್ ಹಿಡ್ದ್ ಕರೂದೇ ಇಲ್ಲೆ, ಕಾಲ್ ಮುರ್ದವನ ಅಬ್ಬಿ ಅಂಬ್ರ್. ನಂಗೆ ಬೇರೆ ಎಂತದೂ ಬೇಡ ನಿತೇಶ. ಈಗ ಹೇಳದ್ದನ್ನ ಆ ಕ್ಯಾಮೆರಾದ ಮುಂದೆ ಹೇಳ್. ಅಬ್ಬಿ ಅಲ್ಲೇ ಇತ್ತ್, ಕೇಳ್ಲಿ."

"ಹೇಳ್ತೆ," ಎಂದೆ. ಹೇಳುವವನೇ ಇದ್ದೆ, ನಂಬಿ.

ಮೂರನೆಯ ಟೇಕ್. ಕುಷ್ಟ ಬಂದು ನಿಂತ. ತನ್ನ ಮಾತು ಹೇಳಲಿಲ್ಲ, ಅಳಲೂ ಇಲ್ಲ. ನನ್ನ ಬಾಯಿಯನ್ನೇ ನೋಡುತ್ತಾ ಕಾದ. ‘ಕುಷ್ಟ ನನ್ನನ್ನು ಮುಟ್ಟಲಿಲ್ಲ.’ ಇಷ್ಟೇ ಮಾತು. ನನಗೆ ಶುಕ್ರವಾರ ನೆನಪಾಯಿತು, ಮನೆ ಅಡವಿಟ್ಟು ಸಿನಿಮಾ ಮಾಡಿದ ನಿರ್ಮಾಪಕರು ನೆನಪಾದರು, ಬ್ರಹ್ಮಾವರದಲ್ಲಿ ಕಣ್ಣೊರೆಸಿಕೊಂಡ ಹೆಂಗಸು ಕೂಡ ನೆನಪಾದರು. ಎಲ್ಲರೂ ನೋಡುತ್ತಿದ್ದರು. ಒಂದು ಹೆಜ್ಜೆ ಮುಂದಿಟ್ಟೆ, ನನ್ನ ಮಂಡಿ ಕುಸಿಯಿತು. ಕುಸಿಯಿತು ಅಂದರೆ, ನಾನು ಕುಸಿಸಿದೆ. ಮಂಡಿಗೆ ಏನೂ ಆಗಿರಲಿಲ್ಲ.

ಕುಷ್ಟನ ಕೈ ತಾನಾಗಿ ಮುಂದೆ ಬಂದು ನನ್ನನ್ನು ಹಿಡಿದುಕೊಂಡಿತು. ಬೀಳುವವರನ್ನು ಕಂಡರೆ ಅವನ ಕೈ ಸುಮ್ಮನೆ ಇರುವುದಿಲ್ಲ, ಚಿಕ್ಕಂದಿನಿಂದಲೂ ಹಾಗೆ. ಅವನ ಹೆಗಲಿಗೆ ಒರಗಿಕೊಂಡು, "ಹೋಯ್ಲಿ ಬಿಡಾ, ನಾ ಎಂದೋ ಕ್ಷಮ್ಸಿದೆ," ಎಂದೆ.

"ಸೂಪರ್!" ಎಂದಳು ಶರಣ್ಯಾ. "ಅವರು ಏನೂ ಮಾತಾಡದೆ ನಿಂತದ್ದೇ ಚೆನ್ನಾಗಿ ಬಂತು."

ಕುಷ್ಟ ನನ್ನ ಕಿವಿಯ ಹತ್ತಿರ, ಸಿಟ್ಟಿಲ್ಲದೆ, ತಿಳಿದುಕೊಳ್ಳಲಿಕ್ಕೆಂದೇ ಕೇಳಿದ. "ಅವತ್ತೂ ಹೀಂಗೇ ಬಿದ್ದದ್ದಾ?"

ಅಷ್ಟರಲ್ಲಿ ಗುಲಾಬಿಯಮ್ಮ ಓಡಿ ಬಂದರು. ನನ್ನ ಮಂಡಿಯನ್ನು ಎರಡೂ ಕೈಯಲ್ಲಿ ಒತ್ತಿ ನೋಡಿ ಮಗನಿಗೆ ಗದರಿದರು. "ಎಂತ ಕಾಂತಿದ್ದೆ ನೀನ್? ಗಟ್ಟಿ ಹಿಡ್ಕೋ ಅವನ್ನ. ಎಲ್ಲ ನಿನ್ನಿಂದ್ಲೇ ಆದ್ದ್."

ಕುಷ್ಟ ನನ್ನನ್ನು ಗಟ್ಟಿಯಾಗಿ ಹಿಡಿದುಕೊಂಡ. ಕಾರಿನವರೆಗೂ ನಾನು ಕುಂಟುತ್ತಲೇ ಹೋದೆ.