ಮಂಗಳ ಗ್ರಹದವನ ಮನದ ಮಾತು

೧೯೭೪ರಲ್ಲಿ ಮುಂಬಯಿಯ ಟಿವಿಯಲ್ಲಿ ಮಂಗಳ ಗ್ರಹದಿಂದ ಇಳಿದವನೊಬ್ಬನ ಧಾರಾವಾಹಿ ಬರುತ್ತಿತ್ತು. ಅವನ ಮೈ ಹಸಿರು. ಪರದೆ ಕಪ್ಪು-ಬಿಳುಪಾದ್ದರಿಂದ ನಂಬಿಕೆಯ ಮೇಲೆ ಹಸಿರು. ಮಾತಿಲ್ಲ, ಬರೀ ಕಣ್ಣು ತಿರುಗಿಸುತ್ತಿದ್ದ. ಅವನದೇ ಉಪಕಥೆಯೊಂದನ್ನು ರೇಡಿಯೋದವರು ಕನ್ನಡದಲ್ಲಿ ರೇಡಿಯೋ ನಾಟಕ ಮಾಡಲು ಹೊರಟಾಗ ತೊಡಕಾಯಿತು. ಕಣ್ಣು ಎಷ್ಟು ತಿರುಗಿಸಿದರೂ ರೇಡಿಯೋದಲ್ಲಿ ಕೇಳಿಸುವುದಿಲ್ಲವಲ್ಲ!

ರೆಕಾರ್ಡಿಂಗ್ ಮಾಡುವ ಭೀಮರಾಯ, ತಾನು ದಿನಾ ತಿನ್ನುವ ಫೋರ್ಟ್ ಪೇಟೆಯ ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ಯುವ ಕೊರಗಪ್ಪನನ್ನು ಹಿಡಿದ.

"ಮಂಗಳ ಗ್ರಹಕ್ಕ ಮಂಗಳೂರು ಕಡಿಯಾವನ ಬೇಕು ನೋಡೋ. ತುಳುದಾಗ ಮನಸಿಗೆ ಬಂದದ್ದು ಒದರು. ಟೇಪ್ ಉಲ್ಟಾ ಹಾಕ್ತೀನಿ, ಯಾವನಿಗೂ ತಿಳಿಯಂಗಿಲ್ಲ."

"ಸೀದಾ ಯಾರಿಗೂ ಕೇಳಿಸ್ಬಾರ್ದು ಮಾರಾಯ್ರೆ."

"ನಿನ್ನ ದೋಸೆ ಮ್ಯಾಲೆ ಆಣಿ!"

ಹನ್ನೆರಡು ವರ್ಷ ಕಾವಲಿಯೆದುರು ಬೆಂದವನಿಗೆ ಮೈಕು ತಣ್ಣಗೆ ಕಂಡಿತು. ಹೆಂಡತಿ ವಾರಿಜಾಗೆ ಬಿಟ್ಟು ಯಾರಿಗೂ ಹೇಳದ್ದನ್ನೆಲ್ಲ ಹೇಳಿಬಿಟ್ಟ. ಹೋಟೆಲಿನ ಧಣಿ ಶೇಖರಣ್ಣನ ಸಾಂಬಾರಿನಲ್ಲಿ ಬೇಳೆ ಹುಡುಕಲು ರಾಕೆಟ್ಟೇ ಬೇಕು. ಗೋರೆಗಾಂವ್ ಸ್ಟೇಷನ್ ಎದುರು ಒಂದು ಮಳಿಗೆ ಖಾಲಿಯಾಗಿದೆ. ಬರುವ ತಿಂಗಳು ಅಲ್ಲಿ ತನ್ನದೇ ಹೋಟೆಲು. ಹಗುರಾಗಿ ಹೊರಬಂದ.

ಮರುದಿನದಿಂದ ಧಣಿ ಗಲ್ಲಾದಿಂದಲೇ ಕೂಗತೊಡಗಿದರು: "ಕೊರಗ, ಭೀಮರಾಯರಿಗೆ ಒಂದು ತುಪ್ಪದ ದೋಸೆ. ಬಿಲ್ ಬೇಡ."

ಹೋಟೆಲಿನ ಜಾಹೀರಾತಿಗೆಂದು ನಾಟಕದ ಖರ್ಚು ಕೊಟ್ಟವರು ಧಣಿಯೇ. ಅದಕ್ಕೇ ಈ ಮರ್ಯಾದೆ ಇರಬೇಕೆಂದು ಕೊರಗಪ್ಪ ಒಂದು ಚಮಚ ತುಪ್ಪ ಹೆಚ್ಚೇ ಸುರಿದ.

ಭಾನುವಾರ ಮಧ್ಯಾಹ್ನ ಹೋಟೆಲಿನವರೆಲ್ಲ ರೇಡಿಯೋ ಸುತ್ತ ಸೇರಿದರು. ಮಂಗಳ ಗ್ರಹದವನು ಬಾಯಿ ತೆರೆದ. ಉಲ್ಟಾ ತುಳು, ಕೆಮ್ಮನ್ನು ಕಡೆಗೋಲಲ್ಲಿ ಕಡೆದಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಸಪ್ಲಾಯರ್ ದಾನಪ್ಪ, "ಏನ್ ಬೊಗಳ್ತಾನಲೇ ಇವ!" ಎಂದ.

ನಗದೆ ಕೂತವರು ಶೇಖರಣ್ಣ ಒಬ್ಬರೇ. ಗೊತ್ತಿದ್ದ ಪಾಠ ಒಪ್ಪಿಸುವವನನ್ನು ಮೇಷ್ಟ್ರು ಕೇಳುವ ಹಾಗೆ, ತಲೆದೂಗುತ್ತಿದ್ದರು.

"ಗೋರೆಗಾಂವ್ ಜಾಗ ಒಳ್ಳೇದುಂಟು ಕೊರಗ," ಎಂದರು ಮೆಲ್ಲಗೆ. "ನಿನ್ನೆ ಹೋಗಿ ಬೀಗದಕೈ ತಂದೆ. ನಮ್ಮ ಬ್ರಾಂಚ್ ಅಲ್ಲಿ. ಕಾವಲಿಗೆ ನೀನೇ ನಿಲ್ಲು, ಆಯ್ತಾ? ಬೇಳೆ ಎಷ್ಟು ಬೇಕಾದ್ರೂ ಹಾಕು."

ಕೊರಗಪ್ಪ, ಮೂಲೆಯಲ್ಲಿ ತುಪ್ಪದ ದೋಸೆ ತಿನ್ನುತ್ತಿದ್ದ ಭೀಮರಾಯನ ಕಡೆ ತಿರುಗಿದ.

"ನಂಗ ತುಳು ಎಲ್ಲಿ ಬರ್ತದೋ? ಧಣಿ ಹೆಸರು ಬಂತು, ಗೋರೆಗಾಂವ್ ಬಂತು. ಏನಂದಾನ ಕೇಳೂಣು ಅಂತ ಒಂದ್ಸಲ ಸೀದಾ ಹಾಕಿ ಅವರಿಗೆ ಕೇಳಿಸ್ದೆ, ಅಷ್ಟ," ಎಂದ ಭೀಮರಾಯ, ತಟ್ಟೆಯಿಂದ ತಲೆಯೆತ್ತದೆ. ಬೆರಳ ತುದಿಯಲ್ಲಿ ತುಪ್ಪ ಮಿನುಗುತ್ತಿತ್ತು.

ಕೊರಗಪ್ಪ ಟಿವಿಯವನಂತೆ ಬರೀ ಕಣ್ಣು ತಿರುಗಿಸಿದ.